ಹಿತ್ತಾಳೆಗೆ ತುಕ್ಕು ಹಿಡಿಯುತ್ತದೆಯಂತೆ! ಹಳೆಯ ಕ್ಯಾಂಡಲ್ ಸ್ಟ್ಯಾಂಡ್ ಕೊಳ್ಳುವವರು ಓದಿ

ಮೂರು ಕ್ಯಾಂಡಲ್ ಸ್ಟ್ಯಾಂಡುಗಳಿಗೆ 9,000 ರೂಪಾಯಿ ಕೊಟ್ಟಿದ್ದೇನೆ. ಹೇಳಿಕೊಳ್ಳಲು ನಾಚಿಕೆ. ಆದರೆ ಆ ಮನುಷ್ಯ ಈಗಲೂ ಅದೇ ಫೋಟೊ ತೋರಿಸಿ ಕಾರವಾರ, ಅಂಕೋಲಾ ಕಡೆಯವರಿಗೆ ಮಾರುತ್ತಿದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ.

ತೆಳ್ಳಗಿನ ಕಂಬ, ಮೇಲೊಂದು ಪುಟ್ಟ ಬಟ್ಟಲು, ಕೆತ್ತನೆಯಿಲ್ಲ. 1950-60ರ ದಶಕಗಳ ಯುರೋಪಿನ ಮಾದರಿ. ನನಗೆ ಅದರ ಹುಚ್ಚು. “ವೆಸ್ಟ್ ಜರ್ಮನಿಯದು ಅಕ್ಕಾ, 1945ರದ್ದು, ಅಪ್ಪಟ ಹಿತ್ತಾಳೆ” ಎಂದ. ತಳದಲ್ಲಿ ಮುದ್ರೆಯೂ ಇತ್ತು. ಹಣ ಹಾಕಿಬಿಟ್ಟೆ. 1945ರಲ್ಲಿ ವೆಸ್ಟ್ ಜರ್ಮನಿ ಎಲ್ಲಿತ್ತು? ಆ ದೇಶ ಹುಟ್ಟಿದ್ದೇ 1949ರಲ್ಲಿ. ಇದನ್ನು ಹೇಳಿದ್ದು ಹೈಸ್ಕೂಲಿಗೆ ಹೋಗುವ ಮಗಳು, ಅದೂ ಹಣ ಹೋದ ಮೇಲೆ.

ಮಳೆಗಾಲ ಶುರುವಾಯಿತು. ಬುಡದ ಅಂಚಿನಲ್ಲಿ ಕೆಂಪು ಚುಕ್ಕೆಗಳು. ಕುಂಕುಮ ತಾಗಿರಬೇಕು ಎಂದುಕೊಂಡು ಒರೆಸಿದೆ, ಹೋಗಲಿಲ್ಲ. ಅತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಜೊತೆಗಿದ್ದ ದೇವರ ದೀಪಗಳು ಫಳಫಳ ಹೊಳೆದವು; ಇವುಗಳ ಹಳದಿ ಮಾತ್ರ ಅಂಚಿನಲ್ಲಿ ಹೊಪ್ಪಳಿಕೆಯಂತೆ ಎದ್ದುಬಂತು. “ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ ತಂಗೀ, ತುಕ್ಕು ಹಿಡಿದದ್ದನ್ನು ನಾನು ಕಂಡಿಲ್ಲ” ಎಂದರು.

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮಾವಿನಹಣ್ಣಿನ ಆಯಸ್ಕಾಂತವನ್ನು ಕಿತ್ತು ತಂದೆ. ಹತ್ತಿರ ಒಯ್ಯುವಷ್ಟರಲ್ಲಿ ‘ಟಕ್’ ಎಂದು ಅಂಟಿಕೊಂಡಿತು. ಎರಡನೆಯದಕ್ಕೂ ಟಕ್. ಮೂರನೆಯದಕ್ಕೂ. ತಾಮ್ರ, ಸತು ಬೆರೆಸಿ ಮಾಡುವ ಹಿತ್ತಾಳೆಗೆ ಆಯಸ್ಕಾಂತ ಅಂಟುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ಗೊತ್ತಿದ್ದೂ ಕೊಳ್ಳುವ ಮೊದಲು ಹಿಡಿದು ನೋಡಲಿಲ್ಲ. ಆ ಟಕ್ ಈಗಲೂ ಕಿವಿಯಲ್ಲಿದೆ.

ಫೋನ್ ಮಾಡಿದೆ. “ಹಳೆಯ ವಸ್ತು ಎಂದ ಮೇಲೆ ತುಕ್ಕು ಇರುತ್ತದೆ ಮೇಡಂ.” ಮಾರುವಾಗ ಅಕ್ಕ, ಈಗ ಮೇಡಂ! ಆಯಸ್ಕಾಂತದ ಮಾತೆತ್ತಿದರೆ, “ಗಟ್ಟಿಯಾಗಲಿ ಎಂದು ಜರ್ಮನಿಯವರು ಕಬ್ಬಿಣ ಬೆರೆಸುತ್ತಿದ್ದರು.” ಅದನ್ನೂ ಒಪ್ಪದಿದ್ದಾಗ, “ನಿಮ್ಮ ಕಾರವಾರದ ಹವೆಯೇ ಸರಿಯಿಲ್ಲ.” ತಪ್ಪು ಸಮುದ್ರದ್ದಂತೆ! ಮರುದಿನದಿಂದ ನನ್ನ ಕರೆ ಅವನಿಗೆ ಹೋಗುತ್ತಲೇ ಇಲ್ಲ.

ಫೋಟೊ ನೋಡಿ ಹಣ ಹಾಕಬೇಡಿ. ಆಯಸ್ಕಾಂತ ಒಯ್ಯಿರಿ. ಅಂಟಲಿಲ್ಲವೆಂದು ಹಿಗ್ಗಲೂಬೇಡಿ, ಸತುವಿನ ಎರಕಕ್ಕೆ ಹಿತ್ತಾಳೆಯ ಲೇಪ ಕೊಟ್ಟಿದ್ದರೂ ಅಂಟುವುದಿಲ್ಲ. ತಳವನ್ನು ಚೂರು ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಎದ್ದು ಬನ್ನಿ. ಕೆರೆಯಲು ಬಿಡದಿದ್ದರೆ ಇನ್ನೂ ಬೇಗ ಎದ್ದು ಬನ್ನಿ.

ಮೂರೂ ಈಗ ಹಿತ್ತಲಿನ ಕಟ್ಟೆಯ ಮೇಲೆ ನೆನೆಯುತ್ತಿವೆ. ಕರೆಂಟು ಹೋದಾಗ ಮೇಣದಬತ್ತಿಯನ್ನು ಮೊದಲಿನಂತೆ ತೆಂಗಿನ ಗೆರಟೆ ಬೋರಲು ಹಾಕಿ ಅದರ ಮೇಲೆಯೇ ನಿಲ್ಲಿಸುತ್ತಿದ್ದೇವೆ.