‘ಉಡಾನ್’ ಮತ್ತೆ ನೋಡುವುದಾದರೆ ಯಾವುದರಲ್ಲಿ?

ದೂರದರ್ಶನದಲ್ಲಿ 1989ರಲ್ಲಿ ಆರಂಭವಾದ ‘ಉಡಾನ್’ ಧಾರಾವಾಹಿಯ ಬಹುಪಾಲು ಕಂತುಗಳನ್ನು ನಮ್ಮ ಅಪ್ಪ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿ ಐದು ಕ್ಯಾಸೆಟ್‌ಗಳಲ್ಲಿ ಇಟ್ಟಿದ್ದರು. ಅದೇ ಧಾರಾವಾಹಿ ಈಗ ನನ್ನ ಬಳಿ ನಾಲ್ಕು ರೂಪದಲ್ಲಿದೆ: ಮೂಲ ಕ್ಯಾಸೆಟ್‌ಗಳು, ಹಲವು ವರ್ಷಗಳ ಹಿಂದೆ ಕಲಬುರಗಿಯ ಒಂದು ಅಂಗಡಿಯಲ್ಲಿ ಮಾಡಿಸಿದ ಡಿವಿಡಿಗಳು, ಯೂಟ್ಯೂಬ್‌ನಲ್ಲಿ ಯಾರೋ ಹಾಕಿರುವ ಕಂತುಗಳು, ಮತ್ತು ಕಳೆದ ಬೇಸಿಗೆಯಲ್ಲಿ ನಾನೇ ಕ್ಯಾಸೆಟ್‌ನಿಂದ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡ ಫೈಲುಗಳು. ಹೊರಗೆ ಕಾಲಿಡಲಾಗದ ಬಿಸಿಲಿನ ಮಧ್ಯಾಹ್ನಗಳಲ್ಲಿ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಕಂತನ್ನು ನಾಲ್ಕರಲ್ಲಿಯೂ ನೋಡಿ, ಮುಂದೆ ಇಡೀ ಧಾರಾವಾಹಿಯನ್ನು ಯಾವುದರಲ್ಲಿ ನೋಡುವುದೆಂದು ತೀರ್ಮಾನಿಸಿದೆ.

ಪೊಲೀಸ್ ಕಥೆಯೆಂದರೆ ಓಟ, ಗುಂಡು, ಹೊಡೆದಾಟ ಎಂದುಕೊಂಡವರಿಗೆ ‘ಉಡಾನ್’ ನಿಧಾನವೆನಿಸಬಹುದು. ಕವಿತಾ ಚೌಧರಿ ತಾವೇ ಬರೆದು, ನಿರ್ದೇಶಿಸಿ, ಕಲ್ಯಾಣಿ ಸಿಂಗ್ ಎಂಬ ಐಪಿಎಸ್ ಅಧಿಕಾರಿಯ ಪಾತ್ರದಲ್ಲಿ ನಟಿಸಿದ ಈ ಧಾರಾವಾಹಿಗೆ ಅವರ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ ಅವರ ಬದುಕೇ ಪ್ರೇರಣೆ. ಕಿರಣ್ ಬೇಡಿ ಅವರ ನಂತರ ದೇಶದ ಎರಡನೆಯ ಮಹಿಳಾ ಐಪಿಎಸ್ ಅಧಿಕಾರಿಯಾಗಿದ್ದ ಕಾಂಚನ್ 2004ರಲ್ಲಿ ಉತ್ತರಾಖಂಡದ ಪೊಲೀಸ್ ಮಹಾನಿರ್ದೇಶಕರಾದರು. ‘ಉಡಾನ್’ ಬರುವವರೆಗೆ ಕವಿತಾ ನಮ್ಮ ಮನೆಯಲ್ಲಿ ಸರ್ಫ್ ಜಾಹೀರಾತಿನ ಲಲಿತಾಜಿ ಮಾತ್ರ. ಆಸ್ತಿಯ ಜಗಳದಲ್ಲಿ ನೊಂದ ತಂದೆಯ ಪಾತ್ರ ವಿಕ್ರಮ್ ಗೋಖಲೆ ಅವರದು. ಈ ಧಾರಾವಾಹಿಯ ಜೀವವಿರುವುದು ಮುಖಗಳಲ್ಲಿ ಮತ್ತು ತಗ್ಗಿದ ದನಿಯ ಮಾತುಗಳಲ್ಲಿ. ಆದ್ದರಿಂದ ಮಬ್ಬು ಬೆಳಕಿನಲ್ಲಿ ಮುಖ ಕಾಣುತ್ತದೆಯೇ, ಮೆಲ್ಲಗೆ ಆಡಿದ ಮಾತು ಕೇಳುತ್ತದೆಯೇ ಎಂಬ ಎರಡೇ ಒರೆಗಲ್ಲುಗಳನ್ನು ಇಟ್ಟುಕೊಂಡೆ.

ಮೊದಲು ಕ್ಯಾಸೆಟ್. ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರದ ಮಾತೇ ಇಲ್ಲ. ನಮ್ಮ ಹಳೆಯ ಯಂತ್ರದ ರಬ್ಬರ್ ಬೆಲ್ಟು ಸಡಿಲಾಗಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಹಿರಿಯ ಮೆಕ್ಯಾನಿಕ್ ಒಬ್ಬರು ಬೇರೊಂದು ಯಂತ್ರದಿಂದ ಬೆಲ್ಟು ತೆಗೆದು ಹಾಕಿ, ಟೇಪು ಓದುವ ಹೆಡ್ಡನ್ನು ಸ್ಪಿರಿಟ್‌ನಿಂದ ಒರೆಸಿ ಕೊಟ್ಟರು. ಕರಾವಳಿಯವರಂತೆ ಬೂಸುರಿನ ಕಾಟ ನಮಗೆ ಅಷ್ಟಿಲ್ಲ, ನಮ್ಮ ಶತ್ರು ಧೂಳು ಮತ್ತು ಅಟ್ಟದ ಮೇಲಿನ ಬಿಸಿ. ಹಳೆಯ ಡಬ್ಬಿ ಟಿವಿಗೆ ಜೋಡಿಸಿ, ಟ್ರ್ಯಾಕಿಂಗ್ ಗುಂಡಿಯನ್ನು ತುಸು ತಿರುಗಿಸಿದಾಗ ತಳದಲ್ಲಿ ನಡುಗುತ್ತಿದ್ದ ಬಿಳಿ ಪಟ್ಟಿ ಕೆಳಗಿಳಿದು ಮಾಯವಾಯಿತು. ಚಿತ್ರ ಮೃದುವಾಗಿಯೇ ಇತ್ತು, ಕೆಂಪು ಬಣ್ಣ ತನ್ನ ಗೆರೆ ದಾಟಿ ಪಕ್ಕಕ್ಕೆ ಹರಡಿತ್ತು, ಆದರೆ ನೆರಳಿನಲ್ಲಿರುವ ಕೆನ್ನೆ ಕೆನ್ನೆಯಂತೆಯೇ ಕಂಡಿತು. “ಹಿಂಗ ನೋಡಿದ್ವಿ ನೋಡವ್ವಾ ಆವಾಗ” ಎಂದು ಅವ್ವ ಹೇಳಿದರು. ಅದೇ ಯಂತ್ರವನ್ನು ಎಲ್‌ಇಡಿ ಟಿವಿಗೆ ಜೋಡಿಸಿದರೆ ಮಾತ್ರ ಹಿಟ್ಟು ಜರಡಿ ಹಿಡಿದಂತೆ ಕಾಳು ಕಾಳು. ಇದರ ದೊಡ್ಡ ತೊಂದರೆಯೆಂದರೆ ಪ್ರತಿ ಸಲ ನೋಡಿದಾಗಲೂ ಟೇಪು ಒಂದಿಷ್ಟು ಸವೆಯುತ್ತದೆ.

ಡಿವಿಡಿಗಳ ಬಗ್ಗೆ ನನಗೆ ಇನ್ನೂ ಬೇಸರವಿದೆ. ಅಂಗಡಿಯಾತ “ಅಕ್ಕಾರ, ಒಂದು ಕ್ಯಾಸೆಟ್ಟಿಗೆ ಒಂದೇ ಸೀಡಿ, ಎಲ್ಲಾ ಕ್ಲಿಯರ್ ಬಂದದ” ಎಂದು ಹೇಳಿ ಕೊಟ್ಟಿದ್ದನ್ನು ನಾನು ಸಂತೋಷದಿಂದಲೇ ತಂದಿದ್ದೆ. ಲೆಕ್ಕ ಹಾಕಿದರೆ ಎಡವಟ್ಟು ತಿಳಿಯುತ್ತದೆ. 4.7 ಜಿಬಿಯ ಒಂದು ಡಿಸ್ಕಿನಲ್ಲಿ ಕ್ಯಾಸೆಟ್ಟಿನ ಮೂರು ಗಂಟೆ ತುರುಕಿದರೆ ಪ್ರತಿ ಸೆಕೆಂಡಿಗೆ ಸುಮಾರು 3.5 ಮೆಗಾಬಿಟ್ ಮಾಹಿತಿಯ ಜಾಗ ಮಾತ್ರ ದಕ್ಕುತ್ತದೆ. ಸ್ಟುಡಿಯೋದಿಂದ ಬಂದ ಸ್ವಚ್ಛ ಚಿತ್ರಕ್ಕೆ ಅದು ಹೇಗೋ ಸಾಕಾಗಬಹುದು, ಆದರೆ ಹಳೆಯ ಟೇಪಿನಲ್ಲಿ ಸದಾ ಕುಣಿಯುವ ಕಣಗಳನ್ನೂ ಚಿತ್ರವೆಂದೇ ತಿಳಿದು ದಾಖಲಿಸಹೊರಡುವ ಯಂತ್ರಕ್ಕೆ ಮುಖಕ್ಕೆಂದು ಏನೂ ಉಳಿಯುವುದಿಲ್ಲ. ಹೀಗಾಗಿ ಕತ್ತಲೆಯ ದೃಶ್ಯ ಬಂದೊಡನೆ ಖಾಕಿ ಅಂಗಿಯ ಹೆಗಲು, ಹಿಂದಿನ ಗೋಡೆ, ಕಲ್ಯಾಣಿಯ ಹಣೆ ಎಲ್ಲವೂ ಶಹಾಬಾದ್ ಫರಸಿ ಹಾಸಿದ ನೆಲದಂತೆ ಚೌಕ ಚೌಕವಾಗುತ್ತವೆ. ಎರಡು ಗಂಟೆಗೊಂದು ಡಿಸ್ಕ್ ಮಾಡಿದ್ದರೆ ಐದು ಮೆಗಾಬಿಟ್ ದಾಟುತ್ತಿತ್ತು, ನಾನೂ ಇನ್ನೆರಡು ಮೂರು ಡಿಸ್ಕಿನ ಹಣ ಕೊಡುತ್ತಿದ್ದೆ. ಸಾಲದೆಂಬಂತೆ ಪ್ರತಿ ಕಾಲು ಗಂಟೆಗೊಮ್ಮೆ ಕೆಳಗಡೆ ಅಂಗಡಿಯ ಫೋನ್ ಸಂಖ್ಯೆ ಮೆರವಣಿಗೆ ಹೋಗುತ್ತದೆ. ಹೀಗೆ ಬರೆದ ಡಿಸ್ಕಿನಲ್ಲಿ ದಾಖಲೆ ಕೂರುವುದು ಬಣ್ಣದ ಪದರದ ಮೇಲೆ, ಬಿಸಿಗೆ ಆ ಪದರ ಕೆಡುತ್ತದೆ. ಅಟ್ಟದ ಪೆಟ್ಟಿಗೆಯಲ್ಲಿದ್ದ ಐದರಲ್ಲಿ ಎರಡು ಈಗ ಓದುವುದೇ ಇಲ್ಲ. ಕ್ಯಾಸೆಟ್ಟು ಬದುಕಿತು, ಅದನ್ನು ಉಳಿಸಲೆಂದು ಮಾಡಿಸಿದ್ದು ಮೊದಲು ಸತ್ತಿತು.

ಯೂಟ್ಯೂಬ್ ಪ್ರತಿಯ ಅನುಕೂಲ ಹೇಳಬೇಕಾಗಿಲ್ಲ. ಧ್ವನಿಯಂತೂ ನಮ್ಮ ಕ್ಯಾಸೆಟ್ಟಿಗಿಂತ ಸ್ಪಷ್ಟ, ಗೋಖಲೆ ಅವರ ತಗ್ಗಿದ ಮಾತು ತೊಡಕಿಲ್ಲದೆ ಕೇಳುತ್ತದೆ. ಕರೆಂಟು ಹೋಗಿ ನಮ್ಮ ರೆಕಾರ್ಡಿಂಗ್ ಅರ್ಧಕ್ಕೆ ನಿಂತ ಎರಡು ಕಂತುಗಳನ್ನು ಮೊದಲ ಬಾರಿಗೆ ಪೂರ್ತಿಯಾಗಿ ನೋಡಿದ್ದು ಅಲ್ಲಿಯೇ. ಆದರೆ ನಾನು ನೋಡಿದ ಪ್ರತಿಯಲ್ಲಿ ನಾಲ್ಕಕ್ಕೆ ಮೂರರ ಚೌಕಟ್ಟನ್ನು ಅಗಲದ ಪರದೆಗೆ ಎಳೆದು ಹಿಗ್ಗಿಸಿದ್ದರಿಂದ ಎಲ್ಲರೂ ಗಿಡ್ಡವಾಗಿ, ಮುಖ ಊದಿದಂತೆ ಕಾಣುತ್ತಾರೆ. ಇನ್ನೊಂದು ಕೊರತೆ ತಟ್ಟನೆ ಗೊತ್ತಾಗುವುದಿಲ್ಲ. ನಮ್ಮ ದೇಶದ ಟಿವಿಯ ಪಾಲ್ (PAL) ಎಂಬ ಪದ್ಧತಿಯ ಪ್ರಸಾರದಲ್ಲಿ ಸೆಕೆಂಡಿಗೆ 25 ಫ್ರೇಮುಗಳು, ಒಂದೊಂದೂ ಎರಡು ಅರ್ಧಗಳಾಗಿ ಬರುವುದರಿಂದ ಚಲನೆಯ 50 ಹೆಜ್ಜೆಗಳು. ಅಪ್‌ಲೋಡ್ ಮಾಡುವವರು ಆ ಎರಡು ಅರ್ಧಗಳನ್ನು ಕಲೆಸಿ ಒಂದು ಮಾಡಿದರೆ, ಪರೇಡಿನಲ್ಲಿ ಬೀಸುವ ಕೈಗೆ ನೆರಳಿನಂತೆ ಇನ್ನೊಂದು ಕೈ ಅಂಟಿಕೊಳ್ಳುತ್ತದೆ.

ಕೊನೆಯದು ನನ್ನದೇ ದುಡಿಮೆ, ಹಾಗಾಗಿ ಪಕ್ಷಪಾತವಿದ್ದರೆ ಓದುವವರು ಸೇರಿಸಿಕೊಂಡೇ ಓದಬೇಕು. ವಿಸಿಆರ್‌ನ ಹಳದಿ ಮತ್ತು ಬಿಳಿ ಪಿನ್ನುಗಳನ್ನು ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ ಸಿಕ್ಕಿಸಿ ಲ್ಯಾಪ್‌ಟಾಪ್‌ಗೆ ಇಳಿಸುವ ಕೆಲಸದಲ್ಲಿ ಅವಸರಕ್ಕೆ ಜಾಗವಿಲ್ಲ, ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು. ಮೊದಲ ಸಲ ಇಡೀ ಟೇಪನ್ನು ಒಂದೇ ಫೈಲಾಗಿ ಇಳಿಸಿದೆ. ಕೊನೆಯ ಕಂತಿನ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಸವೆದ ಟೇಪಿನಲ್ಲಿ ಸಿಗ್ನಲ್ ತಪ್ಪಿದಾಗಲೆಲ್ಲ ಒಂದೊಂದು ಫ್ರೇಮು ಬಿದ್ದುಹೋಗಿ ಅಂತರ ಬೆಳೆದಿತ್ತು. ಆಮೇಲೆ ಒಂದು ಕಂತಿಗೊಂದು ಫೈಲು ಮಾಡಿದಾಗ ಆ ಅಂತರ ಕಣ್ಣಿಗೆ ಬೀಳದಷ್ಟಾಯಿತು. ಎರಡು ಅರ್ಧಗಳನ್ನು ಕಲೆಸದೆ ಸೆಕೆಂಡಿಗೆ 50 ಫ್ರೇಮುಗಳಾಗಿ ಬಿಡಿಸಿ, ಚೌಕಟ್ಟನ್ನು ಎಳೆಯದೆ ಇಕ್ಕೆಲದಲ್ಲಿ ಕಪ್ಪು ಪಟ್ಟಿ ಬಿಟ್ಟೆ. ಕೀರಲು ಸದ್ದು ತೆಗೆಯುವ ಸಾಫ್ಟ್‌ವೇರನ್ನು ಜೋರಾಗಿ ಬಳಸಿ ನೋಡಿದೆ, ಆದರೆ ಹಿಂದಿಯ ಖ, ಛ, ಥ ಎಲ್ಲ ಸವೆದು ಮಾತು ನೀರಿನೊಳಗಿಂದ ಬಂದಂತಾಯಿತು. ಸದ್ದು ಇದ್ದರೆ ಇರಲಿ ಎಂದು ಹಿಂದಕ್ಕೆ ಬಂದೆ. ದೊಡ್ಡ ಟಿವಿಯಲ್ಲಿಯೂ ಮುಖಗಳು ನಿಲ್ಲುತ್ತವೆ, ಕೈ ಒಂದೇ ಬೀಸುತ್ತದೆ.

ಈ ಪ್ರತಿಗೆ ಇನ್ನೊಂದು ಲಾಭವಿದೆ. ಕಂತಿನ ಮೊದಲು ಬಂದ ಉದ್ಘೋಷಕಿಯ ಮಾತು, ನಡುವೆ ಸಿಕ್ಕಿಕೊಂಡ ‘ತಡೆಗಾಗಿ ಕ್ಷಮಿಸಿ’ ಫಲಕ ಎಲ್ಲವೂ ಉಳಿದಿವೆ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸಿದ 1975–76ರ ಪ್ರಯೋಗದ ಕಾಲದಲ್ಲಿಯೇ ಟಿವಿ ಕಂಡು, 1977ರಲ್ಲಿಯೇ, ಅಂದರೆ ಬೆಂಗಳೂರಿಗಿಂತ ಮೊದಲು, ದೂರದರ್ಶನ ಕೇಂದ್ರ ಪಡೆದ ಕಲಬುರಗಿ ಜಿಲ್ಲೆಯವಳಾದ ನನಗೆ ಈ ಕಸವೂ ಬೇಕು. ಅವ್ವನಿಗೆ ಬೇಡ, ಅವರು ರಿಮೋಟ್ ಒತ್ತಿ ಮುಂದೆ ಓಡಿಸುತ್ತಾರೆ.

ಹೀಗೆ ನಾಲ್ಕು ಕ್ಯಾಸೆಟ್‌ಗಳ ಕಂತುಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ನೋಡುತ್ತಿದ್ದೇವೆ, ಕರೆಂಟು ಹೋದ ಎರಡು ಕಂತುಗಳಿಗೆ ಮತ್ತು ಐದನೆಯ ಕ್ಯಾಸೆಟ್ಟಿನ ಕಂತುಗಳಿಗೆ ಮಾತ್ರ ಯೂಟ್ಯೂಬ್. ಡಿವಿಡಿಗಳನ್ನು ಇನ್ನು ತೆಗೆಯುವುದಿಲ್ಲ. ಕ್ಯಾಸೆಟ್‌ಗಳನ್ನು ಅಟ್ಟದಿಂದ ಇಳಿಸಿ, ಆ ನಾಲ್ಕನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಕೆಳಗಿನ ಕೋಣೆಯ ಟ್ರಂಕಿನಲ್ಲಿ ನಿಲ್ಲಿಸಿ ಇಟ್ಟಿದ್ದೇನೆ. ಐದನೆಯದರ ರೀಲು ಒಂದಕ್ಕೊಂದು ಅಂಟಿಕೊಂಡಿದೆ, ತಿರುಗಿಸಿದರೆ ಹರಿಯುತ್ತದೆ ಎಂದು ಮೆಕ್ಯಾನಿಕ್ ಮುಟ್ಟಲು ಒಪ್ಪಲಿಲ್ಲ; ಅದನ್ನು ಬಿಡಿಸಬಲ್ಲವರು ಸಿಗುವವರೆಗೆ ಆ ಕಂತುಗಳಲ್ಲಿ ಕಲ್ಯಾಣಿ ಗಿಡ್ಡವಾಗಿಯೇ ಇರುತ್ತಾಳೆ.