ಜೋಳದ ರೊಟ್ಟಿಯ ಊಟಕ್ಕೆ ಶಿರಾಜ್ ಒಂದೇ ಏಕೆ?

ಪುಣೆಯಲ್ಲಿ ನೆಲೆಸಿರುವ ನಮ್ಮ ಉತ್ತರ ಕರ್ನಾಟಕದ ಗೆಳೆಯರ ಬಳಗದಲ್ಲಿ ವೈನ್ ತರುವ ಸರದಿ ಯಾರದಾದರೂ ಬರುವುದು ಮಾತ್ರ ನಾಸಿಕ್‌ನ ಶಿರಾಜ್ ಎಂಬ ಕೆಂಪು ವೈನ್. ಕರಿಮೆಣಸನ್ನು ನೆನಪಿಸುವ ಅದರ ಪರಿಮಳ, ಗಾಢ ಬಣ್ಣ, ಬಾಯಿ ತುಂಬುವ ಗುಣ ಎಲ್ಲರಿಗೂ ಒಗ್ಗಿಹೋಗಿವೆ. ಈ ಸಲ ಅದರ ಎದುರಿಗೆ ನಾಸಿಕ್‌ನದೇ ಶೆನಿನ್ ಬ್ಲಾಂಕ್, ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನ ಸಾಂಜಿಯೊವೆಸೆ ಮತ್ತು ಗೋವಾದ ಪೋರ್ಟ್ ವೈನ್ ಇಟ್ಟು, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹಾಗೂ ಮಟನ್ ಸಾರಿನ ಜೊತೆ ಪರೀಕ್ಷಿಸಿದೆವು. ಹೆಸರು ಕಾಣದಂತೆ ಬಾಟಲಿಗಳಿಗೆ ಕಾಗದ ಸುತ್ತಿದ್ದೆವು. ಶೆನಿನ್ ಬಿಳಿ ವೈನ್ ಆದ್ದರಿಂದ ಅದರ ಗುಟ್ಟು ಗ್ಲಾಸಿಗೆ ಸುರಿದೊಡನೆ ರಟ್ಟಾಯಿತು.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಮನೆಗಳಿಗೆ ಸಲ್ಲುವಂಥದ್ದು. ಪುಣೆಯ ಬೇಸಿಗೆಯಲ್ಲಿ ಹಾಗೆ ಮಾಡಿದರೆ ಹಣ್ಣಿನ ವಾಸನೆಗಿಂತ ಮೊದಲು ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಆದ್ದರಿಂದ ಕೆಂಪು ಬಾಟಲಿಗಳನ್ನೂ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು 16ರಿಂದ 18 ಡಿಗ್ರಿಯ ಆಸುಪಾಸಿಗೆ ಇಳಿಸಿದೆವು. ಶೆನಿನ್ ಇನ್ನೂ ತಣ್ಣಗಿತ್ತು.

ನನ್ನ ಎಣಿಕೆಯನ್ನು ಬುಡಮೇಲು ಮಾಡಿದ್ದು ಶೆನಿನ್. ಮೂಲತಃ ಫ್ರಾನ್ಸಿನ ಲ್ವಾರ್ ಕಣಿವೆಯ ಈ ದ್ರಾಕ್ಷಿಯಿಂದ ಮಾಡಿದ ವೈನ್, ರಾಜೀವ್ ಸಾಮಂತ್ ಅವರ ಸುಲಾ ಸಂಸ್ಥೆ 2000ದಲ್ಲಿ ಮಾರುಕಟ್ಟೆಗೆ ತಂದ ಮೊದಲ ವೈನ್‌ಗಳಲ್ಲೊಂದು. ನಾವು ತಂದ ಬಾಟಲಿಯಲ್ಲಿ ತುಸು ಸಿಹಿ ಉಳಿದಿತ್ತು, ಜೊತೆಗೆ ಚುರುಕಾದ ಹುಳಿಯೂ ಇತ್ತು. ಬರೀ ಗ್ಲಾಸಿನಲ್ಲಿ ಇಷ್ಟೇನೇ ಎನಿಸಿದ ವೈನ್, ಕೆಂಪು ಖಾರದ ಶೇಂಗಾ ಚಟ್ನಿಯ ತುತ್ತಿನ ನಂತರ ನಾಲಗೆಯ ಉರಿಯನ್ನು ತಣಿಸಿತು. ಅದೇ ತುತ್ತಿನ ಮೇಲೆ ಶಿರಾಜ್ ಕುಡಿದಾಗ ಉರಿ ಹೆಚ್ಚಿತು, ಏಕೆಂದರೆ ದ್ರಾಕ್ಷಿಯ ಸಿಪ್ಪೆಯಿಂದ ಇಳಿಯುವ ಟ್ಯಾನಿನ್‌ನ ಒಗರು ಮತ್ತು ಆಲ್ಕೋಹಾಲ್ ಎರಡೂ ಮೆಣಸಿನ ಖಾರವನ್ನು ಎತ್ತಿ ತೋರಿಸುತ್ತವೆ. ಇಷ್ಟು ವರ್ಷ ಆ ಉರಿಯನ್ನು ಚಟ್ನಿಯ ಪ್ರತಾಪವೆಂದೇ ಹೊಗಳುತ್ತಿದ್ದೆವು.

ಸಾಂಜಿಯೊವೆಸೆ ಇಟಲಿಯ ಟಸ್ಕನಿಯ ದ್ರಾಕ್ಷಿ, ಕಿಯಾಂಟಿ ವೈನಿನ ಮುಖ್ಯ ಆಧಾರ. ಬಣ್ಣದಲ್ಲಿ ಶಿರಾಜ್‌ಗಿಂತ ತೆಳು, ಹುಳಿಯಲ್ಲಿ ಮುಂದು. ಹುಣಸೆ, ಬೆಲ್ಲ, ಗುರೆಳ್ಳು ಬೆರೆತ ಎಣ್ಣೆಗಾಯಿಯ ಎದುರಿಗೆ ಶಿರಾಜ್ ಸಪ್ಪಗಾದರೆ ಇದು ತನ್ನ ಹುಳಿಯ ಬಲದಿಂದ ನಿಂತಿತು, ಬದನೆಯ ಎಣ್ಣೆಯ ಜಿಡ್ಡನ್ನೂ ಕಳೆಯಿತು. ಆದರೆ ಬಾಟಲಿ ತೆರೆದೊಡನೆ ಕುಡಿದವರಿಗೆ ಅದು ಒರಟೆನಿಸಿತು. ಅರ್ಧ ಗಂಟೆ ಗಾಳಿಯಾಡಿದ ಮೇಲೆ ಮಾತ್ರ ಚೆರ್ರಿಯ ಪರಿಮಳ ಬಿಚ್ಚಿಕೊಂಡಿತು. ತಾಳ್ಮೆಯಿಲ್ಲದವರ ಮನೆಗೆ ಇದನ್ನು ಒಯ್ಯಲಾರೆ.

ಪೋರ್ಟ್ ಈ ಊಟಕ್ಕೆ ಸಲ್ಲಲಿಲ್ಲ. ಅದರ ಮೂಲವಾದ ಪೋರ್ಚುಗಲ್‌ನ ಡೋರು ಕಣಿವೆಯಲ್ಲಿ ಹುದುಗು ನಡೆಯುತ್ತಿರುವಾಗಲೇ ದ್ರಾಕ್ಷಿಯ ಮದ್ಯಸಾರ ಸೇರಿಸಿ, ಸಕ್ಕರೆ ಉಳಿಯುವಂತೆ ಅದನ್ನು ನಿಲ್ಲಿಸುತ್ತಾರೆ. ಗೋವಾದಿಂದ ನಾವು ತಂದ ಅಗ್ಗದ ಬಾಟಲಿಗೆ ಸಿಹಿಯೇನೋ ಇತ್ತು, ಆ ಗಟ್ಟಿತನವಿರಲಿಲ್ಲ. ಊಟ ಮುಗಿದ ಮೇಲೆ ಗೋವಾದ ಪದರಪದರದ ಸಿಹಿತಿಂಡಿ ಬೆಬಿಂಕಾದ ಜೊತೆ ಸಣ್ಣ ಗ್ಲಾಸಿಗೆ ಸಾಕು.

ಮಟನ್ ಸಾರಿನ ವಿಷಯದಲ್ಲಿ ಮಾತ್ರ ಶಿರಾಜ್ ತನ್ನ ಜಾಗ ಬಿಟ್ಟುಕೊಡಲಿಲ್ಲ: ಮಾಂಸದ ಕೊಬ್ಬು ಒಗರನ್ನು ಮೆತ್ತಗಾಗಿಸಿತು, ಮಸಾಲೆಯ ಮೆಣಸಿಗೆ ವೈನಿನ ಮೆಣಸು ಜೊತೆಯಾಯಿತು, ಅದರ ಮುಂದೆ ಸಾಂಜಿಯೊವೆಸೆ ನೀರುನೀರಾಗಿ ಕಂಡಿತು. ಹೀಗಾಗಿ ಮುಂದಿನ ಕೂಟಕ್ಕೆ ಶೆನಿನ್ ಎರಡು ಬಾಟಲಿ, ಶಿರಾಜ್ ಒಂದು ಎಂದು ನಿರ್ಧರಿಸಿದ್ದೇವೆ. ಮಟನ್ ಮಾಡದಿದ್ದರೆ ಆ ಒಂದೂ ಬೇಡವೆಂಬುದು ನನ್ನ ಮತ, ಬಳಗ ಇನ್ನೂ ಒಪ್ಪಿಲ್ಲ.