ಜಿಟಿಎಕ್ಸ್ 1050 ಟಿಐ: ಡೊಂಬಿವಲಿಯ ಮನೆಯಲ್ಲಿ ಎಂಟು ವರ್ಷ

2017ರ ದೀಪಾವಳಿಯ ಹೊತ್ತಿಗೆ ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎನ್‌ವಿಡಿಯಾದ ಈ ಗ್ರಾಫಿಕ್ಸ್ ಕಾರ್ಡ್ ಕೊಂಡಾಗ ಅಂಗಡಿಯವನು, ‘ಪವರ್ ಸಪ್ಲೈ ಬದಲಿಸದಿದ್ದರೆ ಸುಟ್ಟುಹೋಗುತ್ತದೆ’ ಎಂದು ಹೆದರಿಸಿದ್ದ. ಬದಲಿಸಲಿಲ್ಲ, ಸುಡಲೂ ಇಲ್ಲ. ಇದು ಬೇಡುವುದು 75 ವಾಟ್, ನಮ್ಮ ಹಳೆಯ ಸೀಲಿಂಗ್ ಫ್ಯಾನಿನಷ್ಟು. ನಾನು ಕೊಂಡ ಮಾದರಿಗೆ ಪ್ರತ್ಯೇಕ ವಿದ್ಯುತ್ ತಂತಿಯೂ ಬೇಕಿಲ್ಲ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದೇ ಸಾಕು.

ಕಂಪ್ಯೂಟರ್ ಇನ್ನೂ ಹಳೆಯದು: ನಾಲ್ಕು ಕೋರ್‌ಗಳ ಇಂಟೆಲ್ ಐ5 4570 ಪ್ರೊಸೆಸರ್, 2014ರಲ್ಲಿ ಕೊಂಡದ್ದು. ವಿಚರ್ 3, ಜಿಟಿಎ 5 ಆಟಗಳು ಇದರಲ್ಲಿ ತಕರಾರಿಲ್ಲದೆ ನಡೆದವು. ಪೇಚಾಟ ಶುರುವಾದದ್ದು ರೆಡ್ ಡೆಡ್ ರಿಡೆಂಪ್ಶನ್ 2 ಆಟದಿಂದ. ಕಾಡಿನಲ್ಲಿ ಸರಾಗವಾಗಿ ಓಡುತ್ತಿದ್ದ ಕುದುರೆ ಸೇಂಟ್ ಡೆನಿಸ್ ಪಟ್ಟಣ ಹೊಕ್ಕೊಡನೆ ಎಡವತೊಡಗಿತು. ಪರದೆಯ ಮೂಲೆಯ ಅಂಕಿ ಮಾತ್ರ ಸೆಕೆಂಡಿಗೆ 41 ಫ್ರೇಮ್ (ಚಿತ್ರ), ಅಂದರೆ ಸಾಕಷ್ಟಿದೆ ಎನ್ನುತ್ತಿತ್ತು.

ಎಲ್ಲರಂತೆ ನಾನೂ ಕಾರ್ಡನ್ನೇ ಬೈದೆ. ನೆರಳು ತಗ್ಗಿಸಿದೆ, ಪ್ರತಿಬಿಂಬ ತಗ್ಗಿಸಿದೆ, ಕೊನೆಗೆ ರೆಸಲ್ಯೂಶನ್ನನ್ನೇ 1080ರಿಂದ 720ಕ್ಕೆ ಇಳಿಸಿದೆ. ಪರದೆಯ ಚುಕ್ಕಿಗಳಾದ ಪಿಕ್ಸೆಲ್‌ಗಳು ಸುಮಾರು 20.7 ಲಕ್ಷದಿಂದ 9.2 ಲಕ್ಷಕ್ಕೆ ಬಂದವು. ಫ್ರೇಮ್ 41ರಿಂದ 43 ಆಯಿತು. ಅರ್ಧಕ್ಕಿಂತ ಹೆಚ್ಚು ಹೊರೆ ಇಳಿಸಿದರೂ ವೇಗ ಹೆಚ್ಚದಿದ್ದರೆ ಕಾರ್ಡ್ ನಿರಪರಾಧಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪಟ್ಟಣದ ಜನಜಂಗುಳಿಯನ್ನು ನಡೆಸಲು ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿತ್ತು. ಬೇರೆ ಸೆಟ್ಟಿಂಗ್‌ಗಳಿಗೆ ಕೈ ಹಾಕುವ ಮೊದಲೇ ರೆಸಲ್ಯೂಶನ್ ಇಳಿಸಿ ನೋಡುವ ಈ ಒಂದು ಪರೀಕ್ಷೆ ಮಾಡಿದ್ದರೆ ನನಗೆ ಎರಡು ವಾರ ಉಳಿಯುತ್ತಿತ್ತು.

ಮದ್ದು ಎರಡು. ಒಂಟಿಯಾಗಿದ್ದ 8 ಜಿಬಿ ಡಿಡಿಆರ್3 ರ‍್ಯಾಮ್‌ಗೆ ಜೋಡಿಯಾಗಿ ಹಳೆಯ ಮಾಲಿನ ಇನ್ನೊಂದು 8 ಜಿಬಿ ತಂದೆ. ಮೆಮೊರಿ ಎರಡು ದಾರಿಗಳಲ್ಲಿ ಹರಿಯತೊಡಗಿ ಎಡವುವಿಕೆ ಅರ್ಧ ನಿಂತಿತು. ಉಳಿದರ್ಧ ನಿಂತದ್ದು ಫ್ರೇಮ್‌ಗಳನ್ನು 30ಕ್ಕೆ ಕಟ್ಟಿಹಾಕಿದಾಗ. ನನ್ನ ಮಾನಿಟರ್ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತದೆ. 30 ಫ್ರೇಮ್ ಇದ್ದರೆ ಪ್ರತಿಯೊಂದೂ ಎರಡೆರಡು ಬಾರಿ, ತಾಳ ತಪ್ಪದೆ ಕಾಣುತ್ತದೆ. 45 ಇದ್ದರೆ ಕೆಲವು ಫ್ರೇಮ್ ಒಮ್ಮೆ, ಕೆಲವು ಎರಡು ಬಾರಿ. ಕಣ್ಣಿಗೆ ಕುಂಟು ನಡಿಗೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲೇ 2020ರಿಂದ ಈ ಮಿತಿ ಹಾಕಬಹುದು. ಫ್ರೇಮ್‌ಗಳನ್ನು ಮಾನಿಟರಿನ ತಾಳಕ್ಕೆ ಹೊಂದಿಸುವ ವಿ-ಸಿಂಕ್ ಕೂಡ ಹಚ್ಚಿಡಿ. ರಜೆಗೆ ಬಂದಿದ್ದ ಅಕ್ಕನ ಮಗ ‘ಮಾವ, ಮೂವತ್ತರಲ್ಲಿ ಯಾರಾದರೂ ಆಡುತ್ತಾರೆಯೇ?’ ಎಂದು ನಕ್ಕ. ಮೂಲೆಯ ಅಂಕಿಯನ್ನು ಮರೆಮಾಡಿ ಆಡಲು ಕೊಟ್ಟೆ. ಊಟಕ್ಕೆ ಮೂರು ಸಲ ಕರೆಯಬೇಕಾಯಿತು.

ಸೈಬರ್‌ಪಂಕ್ 2077 ಆಟಕ್ಕೆ 2023ರಿಂದ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಸಂಗ್ರಹ) ಕಡ್ಡಾಯ, ಹಾಕಿಸಿದೆ. ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಹಿಗ್ಗಿಸುವ ಎಎಮ್‌ಡಿಯ ಎಫ್‌ಎಸ್‌ಆರ್ ಈ ಕಾರ್ಡಿನಲ್ಲೂ ನಡೆಯುತ್ತದೆ, ಎನ್‌ವಿಡಿಯಾದ ಅಂಥದೇ ಡಿಎಲ್‌ಎಸ್‌ಎಸ್‌ಗೆ ಮಾತ್ರ ಆರ್‌ಟಿಎಕ್ಸ್ ಕಾರ್ಡ್ ಬೇಕು. ಎಫ್‌ಎಸ್‌ಆರ್‌ನಲ್ಲಿ ಕೂದಲು, ತಂತಿಬೇಲಿಗಳು ಮಿಣುಕುತ್ತವೆ. ನಾನು ಒಗ್ಗಿಕೊಂಡಿದ್ದೇನೆ.

ದೂಳಿನ ಮಾತು ಹೇಳದಿದ್ದರೆ ಮುಂಬೈ ಕಡೆಯವನಾಗಿ ದ್ರೋಹ. ನಮ್ಮ ಬೀದಿಯಲ್ಲಿ ರಸ್ತೆ ಅಗೆತ ನಿಂತದ್ದನ್ನು ನಾನು ಕಂಡಿಲ್ಲ. ಮಳೆಗಾಲದ ತೇವ ಸೇರಿ ಆ ದೂಳು ಕಾರ್ಡಿನ ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ಸಂದುಗಳಲ್ಲಿ ಕಂಬಳಿಯಂತೆ ಮೆತ್ತಿಕೊಳ್ಳುತ್ತದೆ. ವರ್ಷಕ್ಕೆರಡು ಬಾರಿ ಬಣ್ಣದ ಕುಂಚದಿಂದ ಕೆರೆದು ತೆಗೆಯುತ್ತೇನೆ. ಐದನೆಯ ವರ್ಷ, ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದಾಗ ತಾಪ 84 ಡಿಗ್ರಿಯಿಂದ 71ಕ್ಕೆ ಇಳಿಯಿತು, ಫ್ಯಾನಿನ ಗೊರಕೆಯೂ ನಿಂತಿತು.

ಈಗ ಕೊಳ್ಳಬಹುದೇ? ಹೊಸ ಆಟಗಳಿಗಾದರೆ ಬೇಡ. 2024ರ ಇಂಡಿಯಾನಾ ಜೋನ್ಸ್‌ನಂತಹ ಆಟಕ್ಕೆ ಬೆಳಕಿನ ಕಿರಣಗಳನ್ನು ಲೆಕ್ಕಹಾಕುವ ರೇ ಟ್ರೇಸಿಂಗ್ ಯಂತ್ರಾಂಶವೇ ಬೇಕು, ಇಲ್ಲಿ ತೆರೆಯುವುದೂ ಇಲ್ಲ. ಕಾರ್ಡಿನ 4 ಜಿಬಿ ಮೆಮೊರಿಯಂತೂ ಎಂದೋ ಸಾಲದಾಗಿದೆ. 2019ರ ತನಕದ ಆಟಗಳು ಸಾಕೆನ್ನುವವರು ಹಳೆಯ ಮಾಲು ಅಗ್ಗಕ್ಕೆ ಸಿಕ್ಕರೆ ನೋಡಿ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಹತ್ತು ನಿಮಿಷ ಆಟ ಓಡಿಸಿ, ಫ್ಯಾನಿಗೆ ಕಿವಿಗೊಡಿ.